ಬತ್ತಿದ ಬಾವಿಯ ಲೆಕ್ಕ



ಮುಂಗಾರು ಕಾಲಿಟ್ಟ ಮೇಲೆ ಹಳೇ ಮೈಸೂರಿನ ಮನೆಗಳಲ್ಲಿ ಒಂದು ಅಂಕಿಗಾಗಿ ರೇಡಿಯೋಗೆ ಕಿವಿಗೊಟ್ಟು ಕೂರುವುದುಂಟು. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ; ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಮಂಡ್ಯದ ನಾಲೆ ಬಯಲಿನಲ್ಲಿದ್ದ ನನ್ನ ಸೋದರಮಾವ ಈ ಅಂಕಿ ಬರುವ ಹೊತ್ತಿಗೆ ತುತ್ತು ಎತ್ತಿದ ಕೈಯನ್ನು ಹಾಗೇ ತಡೆದು ಕೂರುತ್ತಿದ್ದರು. ನೂರು ದಾಟಿತೋ, ಒಟ್ಲು ಹಾಕುವ ಮಾತು. ನೂರಿಪ್ಪತ್ತು ಆಯಿತೋ, ಇನ್ನೊಂದು ಮುದ್ದೆ ಹಾಕು ಅನ್ನುತ್ತಿದ್ದರು. ‘ಸರ್ಕಾರಿ ಲೆಕ್ಕ’ ಅಂದರೆ ಮೂಗು ಮುರಿಯುತ್ತಿದ್ದ ಮನುಷ್ಯ ಅವರು. ಪಡಿತರದ ಲೆಕ್ಕ, ರಸ್ತೆ ಕಾಮಗಾರಿಯ ಲೆಕ್ಕ ಯಾವುದನ್ನೂ ನಂಬಿದವರಲ್ಲ. ಈ ಒಂದು ಸರ್ಕಾರಿ ಲೆಕ್ಕವನ್ನು ಮಾತ್ರ ನಂಬುತ್ತಿದ್ದರು. ಯಾಕೆಂದು ಆಗ ನನಗೆ ಹೊಳೆದಿರಲಿಲ್ಲ. ಅದೇ ಕಟ್ಟೆ, ಅದೇ ಅಳತೆಪಟ್ಟಿ, ದಿನವೂ ತಪ್ಪದ ಓದು. ಮತ್ತೆ, ನೀರು ಇಳಿದ ದಿನ ಅಂಕಿಯೂ ಇಳಿಯುತ್ತಿತ್ತು. ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಇಳಿಯಲು ನಾಚದ ಇಂಥ ಸರ್ಕಾರಿ ಅಂಕಿಗಳ ಬಗ್ಗೆ. ನೀರಿನದು, ಕಲ್ಲಿನದು, ಕೊನೆಗೆ ಹುಲಿಯದು.

ನಮ್ಮೂರು ಶಿರಾ ಕಡೆಯದು. ಊರ ಮುಂದಿನ ತೆರೆದ ಬಾವಿಯ ಕಟ್ಟೆಯ ಮೇಲೆ ಬಣ್ಣದಲ್ಲಿ ಒಂದು ಗುರುತು ಹಾಕಿತ್ತು. ವರ್ಷಕ್ಕೆ ನಾಲ್ಕು ಸಲ ಒಬ್ಬರು ಬಂದು, ಆ ಗುರುತಿನ ಮೇಲೆ ಬೆರಳಿಟ್ಟು ಟೇಪು ಇಳಿಬಿಟ್ಟು, ಪುಸ್ತಕದಲ್ಲಿ ಏನೋ ಬರೆದುಕೊಂಡು ಹೋಗುತ್ತಿದ್ದರು. ಧಾರವಾಡದ ಕಡೆಯವರು. ಒಮ್ಮೆ ನಮ್ಮಜ್ಜ ಕೇಳಿದರು: “ಏನ್ ಸ್ವಾಮಿ, ಈ ವರ್ಸನಾದ್ರೂ ನೀರು ಬತ್ತೈತಾ?” ಅವರು ಗಾಬರಿಯಿಂದ ತಲೆಯೆತ್ತಿದರು. “ಯಾಕ್ರೀ ಯಜಮಾನ್ರ, ಇದ್ದಷ್ಟು ನೀರೂ ಬತ್ತಬೇಕೇನ್ರಿ?” ನಮ್ಮ ಕಡೆ ‘ಬರುತ್ತದೆ’ ಎನ್ನುವುದಕ್ಕೂ ‘ಬತ್ತುತ್ತದೆ’ ಎನ್ನುವುದಕ್ಕೂ ಬಾಯಲ್ಲಿ ಒಂದೇ ಮಾತು. ನಕ್ಕು ಮುಗಿದ ಮೇಲೆ ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ: “ನೀರು ತರಸೋದು ನನ್ನ ಕೈಯಾಗ ಇಲ್ರಿ. ಎಷ್ಟೈತಿ ಅಂತ ಬರಕೊಂಡು ಹೋಗೋದಷ್ಟ ನನ್ನ ಕೆಲಸ.”

ಕೆಲವು ವರ್ಷಗಳಲ್ಲಿ ಬಾವಿ ಪೂರ್ತಿ ಬತ್ತಿತು. ಸುತ್ತ ಬೋರ್‌ವೆಲ್ ಬಿದ್ದವು. ಆದರೂ ಟೇಪಿನವರು ಬರುವುದು ನಿಲ್ಲಲಿಲ್ಲ. ಬಗ್ಗಿ ನೋಡಿ, ಪುಸ್ತಕದಲ್ಲಿ ‘ಒಣಗಿದೆ’ ಎಂದು ಬರೆದು ಹೋಗುತ್ತಿದ್ದರು. ನೀರಿಲ್ಲದ ಬಾವಿ ಅಳೆಯುವುದಕ್ಕೂ ಸಂಬಳವಾ ಎಂದು ಊರವರು ಆಡಿಕೊಂಡರು. ನಾನೂ ಆಡಿಕೊಂಡವರಲ್ಲಿ ಒಬ್ಬ.

ಈಗ ಹಾಗೆ ನಗಲಾರೆ. ಹತ್ತು ಬಾವಿಗಳ ನೀರಿನ ಆಳ ಬರೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಬರ ಬಂದು ನಾಲ್ಕು ಬತ್ತಿದವು. ಬತ್ತಿದ ಬಾವಿಯಲ್ಲಿ ಅಳೆಯಲು ಏನೂ ಇಲ್ಲವೆಂದು ಆ ನಾಲ್ಕರ ಸಾಲನ್ನು ಖಾಲಿ ಬಿಟ್ಟಿರಿ. ಉಳಿದ ಆರು ಒಳ್ಳೆಯ ಬಾವಿಗಳು. ಅವುಗಳ ಸರಾಸರಿ ತೆಗೆದರೆ ಅಂತರ್ಜಲ ಮೇಲೆ ಬಂದಂತೆ ಕಾಣುತ್ತದೆ. ನಪಾಸಾಗುವ ಹುಡುಗರನ್ನೆಲ್ಲ ಶಾಲೆ ಬಿಡಿಸಿ, ಎಸ್ಸೆಸ್ಸೆಲ್ಸಿ ಫಲಿತಾಂಶ ನೂರಕ್ಕೆ ನೂರು ಎಂದ ಹಾಗೆ. ಇದು ನಾನು ಕಟ್ಟಿದ ಕತೆಯಲ್ಲ. ದಕ್ಷಿಣ ಭಾರತದಲ್ಲಿ ಅಂತರ್ಜಲ ಏರುತ್ತಿದೆ ಎಂದು ಕೆಲವು ಲೆಕ್ಕಗಳು ಹೇಳುತ್ತಿದ್ದಾಗ, ಇತ್ತ ರೈತರು ಸಾವಿರ ಅಡಿಗೂ ನೀರು ಸಿಗದೆ ಬೋರ್‌ವೆಲ್ ಲಾರಿಯ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಈ ಒಗಟನ್ನು ಬಿಡಿಸಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಬತ್ತಿದ ಬಾವಿಗಳ ಅಂಕಿ ಲೆಕ್ಕದಿಂದ ಬಿಟ್ಟುಹೋಗಿರುವುದೇ ಈ ‘ಏರಿಕೆ’ಗೆ ದೊಡ್ಡ ಕಾರಣ ಎಂದು ಅದು ತೋರಿಸಿತು. ‘ಒಣಗಿದೆ’ ಎಂದು ಬರೆದವರ ಪುಸ್ತಕ ಉಳಿದ ಕಡೆ ನಿಜವೂ ಉಳಿಯಿತು.

ಈ ಬಾವಿ ಅಳೆಯುವ ಕೆಲಸ ಕೇಂದ್ರ ಅಂತರ್ಜಲ ಮಂಡಳಿಯದು. ರಾಜ್ಯದ ಅಂತರ್ಜಲ ಇಲಾಖೆಗೂ ತನ್ನದೇ ಬಾವಿಗಳಿವೆ. 1954ರಲ್ಲಿ ಶೋಧನೆಯ ಕೊಳವೆಬಾವಿ ಕೊರೆಯಲು ಹುಟ್ಟಿದ ಒಂದು ಸಂಸ್ಥೆ 1970ರಲ್ಲಿ ಮಂಡಳಿಯಾಯಿತು. 1972ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಂತರ್ಜಲ ವಿಭಾಗವೂ ಅದಕ್ಕೆ ಬಂದು ಸೇರಿತು. ಜನವರಿ, ಬೇಸಿಗೆ, ಆಗಸ್ಟ್, ನವೆಂಬರ್ ಹೀಗೆ ವರ್ಷಕ್ಕೆ ನಾಲ್ಕು ಓದು. ಬೇಸಿಗೆಯ ಓದಿನ ಜೊತೆ ನೀರಿನ ಮಾದರಿಯನ್ನೂ ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಆ ಬಾಟಲಿಯ ಮಾತಿಗೆ ಆಮೇಲೆ ಬರುತ್ತೇನೆ.

ಹೊಳೆ ಅಳೆಯುವುದು ಬಾವಿ ಅಳೆದಷ್ಟು ಸುಲಭವಲ್ಲ. ಕಾವೇರಿ ತಮಿಳುನಾಡಿಗೆ ದಾಟುವ ಗಡಿಯಲ್ಲಿ ಬಿಳಿಗುಂಡ್ಲು ಎಂಬ ಜಾಗವಿದೆ. ಪತ್ರಿಕೆ ಓದುವ ಕನ್ನಡಿಗರಿಗೆಲ್ಲ ಹೆಸರು ಗೊತ್ತು, ನೋಡಿದವರು ಕಡಿಮೆ. ಅಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಹೊಳೆಯ ಅಗಲವನ್ನು ತುಂಡುತುಂಡಾಗಿ ಭಾಗಿಸಿ, ಒಂದೊಂದು ತುಂಡಿನ ಆಳ, ನೀರಿನ ವೇಗ ಅಳೆದು, ಗುಣಿಸಿ, ಕೂಡಿಸಿದರೆ ಹರಿವು ಸಿಗುತ್ತದೆ. ನೀರಿನ ಮಟ್ಟಕ್ಕೂ ಹರಿವಿಗೂ ಇರುವ ಸಂಬಂಧವನ್ನು ಹೀಗೆ ಮತ್ತೆ ಮತ್ತೆ ತಾಳೆ ನೋಡುತ್ತಿರಬೇಕು, ಏಕೆಂದರೆ ಒಂದು ಪ್ರವಾಹ ಬಂದರೆ ತಳದ ಮರಳು ಜಾಗ ಬದಲಿಸಿಬಿಡುತ್ತದೆ. ಕಾವೇರಿ ನ್ಯಾಯಮಂಡಳಿಯ 2007ರ ಅಂತಿಮ ಐತೀರ್ಪು ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ 192 ಟಿಎಂಸಿ ಬಿಡಬೇಕು ಎಂದಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಅದನ್ನು 177.25 ಟಿಎಂಸಿಗೆ ಇಳಿಸಿತು. ಎರಡು ರಾಜ್ಯಗಳ ವಕೀಲರು ಎಷ್ಟೇ ಜಗಳವಾಡಲಿ, ಇಬ್ಬರೂ ಕೈಯಲ್ಲಿ ಹಿಡಿಯುವುದು ಅದೇ ಮಾಪನ ಕೇಂದ್ರದ ಅಂಕಿಯನ್ನು. ನಿಜವಾಗಿ ಹೊಳೆಯೊಳಗೆ ಇಳಿದು ಅಳೆಯುವ ನೌಕರನ ಹೆಸರು ಯಾವ ತೀರ್ಪಿನಲ್ಲೂ ಬರುವುದಿಲ್ಲ.

ಇನ್ನು ಕಲ್ಲಿನ ಮಾತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಹುಟ್ಟಿದ್ದು 1851ರಲ್ಲಿ, ಕಲ್ಲಿದ್ದಲು ಹುಡುಕಲಿಕ್ಕೆ. ಅದರಲ್ಲಿ 1858ರಲ್ಲಿ ಕೆಲಸಕ್ಕೆ ಸೇರಿದ ರಾಬರ್ಟ್ ಬ್ರೂಸ್ ಫೂಟ್ ನಮ್ಮ ನಾಡಿಗೆ ಬಹಳ ಬೇಕಾದ ಮನುಷ್ಯ. 1863ರ ಮೇ 30ರಂದು ಮದರಾಸಿನ ಹತ್ತಿರ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕೈಗೊಡಲಿಯೊಂದನ್ನು ಎತ್ತಿಕೊಂಡವರು ಇವರೇ. ಬಂಡೆ ನೋಡಲು ಹೋದವರಿಗೆ ಇತಿಹಾಸ ಸಿಕ್ಕಿತು. ಧಾರವಾಡ, ಬಳ್ಳಾರಿ, ರಾಯಚೂರು, ಸಂಡೂರುಗಳ ಬೆಟ್ಟಗುಡ್ಡ ಸುತ್ತಿ, ನಮ್ಮ ಕರಿಕಲ್ಲಿನ ಒಂದು ಪುರಾತನ ಶ್ರೇಣಿಗೆ ‘ಧಾರವಾಡ’ ಎಂಬ ಹೆಸರಿಟ್ಟರು. ಇಂದು ಜಗತ್ತಿನ ಯಾವ ಮೂಲೆಯ ಭೂವಿಜ್ಞಾನಿಗೂ ಆ ಹೆಸರು ಗೊತ್ತು. ಪೇಡ ತಿನ್ನದವರಿಗೂ ಧಾರವಾಡ ಗೊತ್ತಿರುವುದು ಹೀಗೆ. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ, ನಿವೃತ್ತರಾಗಿದ್ದ ಅದೇ ಫೂಟ್ ಅದರ ಮೊದಲ ಮುಖ್ಯಸ್ಥರಾದರು. ಕೋಲಾರದಲ್ಲಿ ಚಿನ್ನ ಬರುತ್ತಿದ್ದ ಕಾಲ. ಸಂಸ್ಥಾನಕ್ಕೆ ತನ್ನ ನೆಲದೊಳಗೆ ಇನ್ನೇನಿದೆ ಎಂದು ತಿಳಿಯುವ ತವಕ.

ಫೂಟರ ನಂತರ ಬಂದ ಸ್ಮೀತ್ ಸಂಸ್ಥಾನದ ಭೂಪಟ ಮಾಡಿಸಿದರು. ನಮ್ಮ ಕಾಲಡಿಯ ಬೂದುಬಣ್ಣದ, ಪಟ್ಟೆಪಟ್ಟೆಯ ಕಲ್ಲಿಗೆ ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟವರು ಅವರು. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಇದೇ. ವಯಸ್ಸು ಸುಮಾರು 300 ಕೋಟಿ ವರ್ಷ. ಭಾನುವಾರ ಕಡಲೆಕಾಯಿ ತಿನ್ನುತ್ತ ಅದರ ಮೇಲೆ ಕೂರುವವರಲ್ಲಿ ಎಷ್ಟು ಜನ ಅಲ್ಲಿನ ಫಲಕ ಓದುತ್ತಾರೋ.

ಬಂಡೆಯ ವಯಸ್ಸು ಕಟ್ಟಿಕೊಂಡು ನಮಗೇನು ಎಂದು ಕೇಳಬಹುದು. ಆ ಬಂಡೆಯೇ ನಿಮ್ಮ ಕೊಡದ ನೀರಿನಲ್ಲಿದೆ. ಈಗ ಬಾಟಲಿಯ ಮಾತು.

ಮಳೆನೀರು ಮಣ್ಣಿಗಿಳಿದು ಬಂಡೆಯ ಬಿರುಕಿಗೆ ಸೇರುತ್ತದೆ. ನಮ್ಮ ನೈಸ್, ಗ್ರಾನೈಟ್ ಕಲ್ಲುಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ: ಕಾಗೆಬಂಗಾರ ಎನ್ನುತ್ತೇವಲ್ಲ, ಆ ಅಭ್ರಕದ ಜಾತಿಯ ಕರಿ ಬಯೊಟೈಟ್, ಅಪಟೈಟ್, ಫ್ಲೋರೈಟ್. ನೀರು ಮೇಲುಗಡೆಯ ಬಾವಿಯಲ್ಲಿದ್ದರೆ ಬೇಗ ಬಂದು ಬೇಗ ಹೋಗುತ್ತದೆ, ಕಲ್ಲಿನ ಸಹವಾಸ ಕಡಿಮೆ. ಆಳದ ಬಿರುಕಿನಲ್ಲಿ ನೀರು ಕಲ್ಲಿನ ಜೊತೆ ಬಹಳ ಕಾಲ ಸಂಸಾರ ಮಾಡುತ್ತದೆ. ಅದರಲ್ಲಿರುವ ಸುಣ್ಣದಂಶ ಗಟ್ಟಿಯಾಗಿ ಕಲ್ಲಿಗೆ ಅಂಟಿಕೊಂಡಷ್ಟೂ ಫ್ಲೋರೈಡ್ ಸಲೀಸಾಗಿ ಕರಗುತ್ತದೆ. ಮಳೆ ಕಡಿಮೆ, ಬಿಸಿಲು ಜೋರು, ಬೋರ್‌ವೆಲ್ ಆಳ ಇರುವ ಸೀಮೆಯಲ್ಲಿ ಇವೆಲ್ಲ ಒಟ್ಟಿಗೆ ಕೂಡಿಬರುತ್ತವೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ, ಕೋಲಾರ, ರಾಯಚೂರುಗಳ ಹೆಸರು ಫ್ಲೋರೈಡಿನ ಜೊತೆ ಕೇಳಿಬರುವುದು ಇದಕ್ಕೇ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಒಪ್ಪಬಹುದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರ ತನಕ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದುಗೆರೆ ಮೂಡುತ್ತವೆ, ಆಮೇಲೆ ಕೀಲು ಬಿಗಿಯುತ್ತದೆ, ಬೆನ್ನು ಬಗ್ಗುತ್ತದೆ. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ವೈದ್ಯರು ಮೊದಲು ವರದಿ ಮಾಡಿದ್ದು 1937ರಲ್ಲಿ, ಆಗಿನ ನೆಲ್ಲೂರು ಜಿಲ್ಲೆಯಿಂದ. ಅದಕ್ಕೂ ಮುಂಚೆ ಅಲ್ಲಿನವರು ಅದನ್ನು ಏನೆಂದುಕೊಂಡಿದ್ದರೋ, ವಾಯು ಎಂದೋ, ಶಾಪ ಎಂದೋ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಪಟಿಕ ಮತ್ತು ಸುಣ್ಣ ಬಳಸಿ ಫ್ಲೋರೈಡ್ ಇಳಿಸುವ ಸರಳ ಉಪಾಯವನ್ನು ಕಂಡುಹಿಡಿಯಿತು. ಅದಕ್ಕೆ ಫ್ಲೋರೈಡಿನಿಂದ ನರಳಿದ ನಲ್ಗೊಂಡ ಜಿಲ್ಲೆಯ ಹೆಸರೇ ಬಂತು.

ಒಂದು ತಪ್ಪು ತಿಳಿವಳಿಕೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುದಿದು ನೀರು ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ಗಟ್ಟಿಯಾಗುತ್ತದೆ. ಕುದಿಸುವುದು ಭೇದಿ, ಟೈಫಾಯ್ಡಿನಂಥ ಸೋಂಕಿಗೆ ಮದ್ದು, ಕಲ್ಲಿನಿಂದ ಬಂದದ್ದಕ್ಕೆ ಅಲ್ಲ.

ನೀರಿನ ಗುಣಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಎ ಇಂದ ಇ ತನಕ ಐದು ದರ್ಜೆ ಮಾಡಿದೆ. ‘ಎ’ ಅಂದರೆ ಸೋಂಕು ತೆಗೆದು ಕುಡಿಯಬಹುದಾದದ್ದು, ‘ಇ’ ಅಂದರೆ ಹೊಲಕ್ಕೆ ಬಿಡಬಹುದಾದದ್ದು. ಕಾಡುಪ್ರಾಣಿಗೂ ಮೀನಿಗೂ ‘ಡಿ’. ಅದರಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು. ಬೆಂಕಿ ಹತ್ತಿಕೊಂಡು ಉರಿದ ಬೆಳ್ಳಂದೂರು ಕೆರೆಯನ್ನು ಯಾವ ದರ್ಜೆಗೆ ಸೇರಿಸುವುದೋ ಗೊತ್ತಾಗದೆ ಆ ಪಟ್ಟಿಯೇ ಬೆಪ್ಪಾಗಿರಬೇಕು.

ಕಾಡುಪ್ರಾಣಿಯ ಮಾತು ಬಂತು. ಎಣಿಕೆಗಳಲ್ಲೆಲ್ಲ ಹುಲಿಯ ಎಣಿಕೆ ಹೆಚ್ಚು ಕಷ್ಟ, ಹೆಚ್ಚು ರಾಜಕೀಯ.

1972ರಲ್ಲಿ ದೇಶದ ಮೊದಲ ಹುಲಿ ಗಣತಿ 1,827 ಎಂದಿತು. ಮರುವರ್ಷ ಹುಲಿ ಯೋಜನೆ ಶುರುವಾಯಿತು. ಮೊದಲ ಒಂಬತ್ತು ಹುಲಿಧಾಮಗಳಲ್ಲಿ ನಮ್ಮ ಬಂಡೀಪುರವೂ ಒಂದು. ಆಗಿನ ಗಣತಿ ಹೆಜ್ಜೆಗುರುತಿನದು. ಗಾರ್ಡುಗಳು ಮಣ್ಣಿನಲ್ಲಿ ಮೂಡಿದ ಹಿಂಗಾಲಿನ ಗುರುತಿನ ಮೇಲೆ ಗಾಜು ಇಟ್ಟು ಅಂಚು ತೀಡಬೇಕು, ಪ್ಲಾಸ್ಟರ್ ಸುರಿದು ಅಚ್ಚು ತೆಗೆಯಬೇಕು. ಆಮೇಲೆ ಅಧಿಕಾರಿಗಳು ಕೂತು ಇದು ಬೇರೆ ಹುಲಿ, ಇದು ಅದೇ ಹುಲಿ ಎಂದು ತೀರ್ಮಾನಿಸಬೇಕು. ಕೆಸರಿನಲ್ಲಿ ಇಟ್ಟ ಹೆಜ್ಜೆ ಒಂದು ಥರ, ದೂಳಿನಲ್ಲಿ ಇಟ್ಟ ಹೆಜ್ಜೆ ಇನ್ನೊಂದು ಥರ. ಒಂದೇ ಹುಲಿ ಎರಡಾಗುವುದು ಕಷ್ಟವೇನಲ್ಲ. ಅದಕ್ಕಿಂತ ಮುಖ್ಯವಾಗಿ, ಕಳೆದ ವರ್ಷ 18 ಇದ್ದದ್ದು ಈ ವರ್ಷ 9 ಎಂದು ಬರೆಯುವ ಎದೆಗಾರಿಕೆ ಯಾವ ಅಧಿಕಾರಿಗೆ ಇರುತ್ತದೆ? ವಿವರಣೆ ಕೇಳುತ್ತಾರೆ, ನೋಟಿಸು ಬರುತ್ತದೆ. ಅಂಕಿ ಏರುತ್ತಲೇ ಹೋಯಿತು. 2001–02ರ ಹೊತ್ತಿಗೆ 3,642.

ಆದರೆ ರಾಜಸ್ಥಾನದ ಸಾರಿಸ್ಕಾ ಹುಲಿಧಾಮದಲ್ಲಿ ಗಣತಿ ಹೇಳುತ್ತಿದ್ದ ಹುಲಿಗಳು ಕಾಡಿನಲ್ಲಿ ಇರಲೇ ಇಲ್ಲ. ಬೇಟೆಗಾರರು ಒಂದನ್ನೂ ಬಿಟ್ಟಿರಲಿಲ್ಲ. 2005ರಲ್ಲಿ ಇದು ಬಯಲಾದಾಗ ದೇಶಕ್ಕೇ ಮುಖಭಂಗ. ಸುನೀತಾ ನಾರಾಯಣ್ ಅಧ್ಯಕ್ಷತೆಯ ಕಾರ್ಯಪಡೆ ಎಣಿಕೆಯ ಬಗೆಯನ್ನೇ ಬದಲಿಸಿ ಎಂದಿತು. ದೆಹ್ರಾದೂನಿನ ವನ್ಯಜೀವಿ ಸಂಸ್ಥೆ ಕ್ಯಾಮೆರಾ ಹಿಡಿದು ಹೊರಟಿತು. 2006ರ ಅಂದಾಜು 2008ರಲ್ಲಿ ಪ್ರಕಟವಾಯಿತು: 1,411.

ಮೂರೂವರೆ ಸಾವಿರದ ಮೇಲಿದ್ದ ಹುಲಿಗಳು ನಾಲ್ಕೈದು ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ. ಅಷ್ಟೂ ಸತ್ತವೇ? ಕೆಲವು ಸತ್ತವು ನಿಜ. ಆದರೆ ಬಹಳಷ್ಟು ಹುಲಿಗಳು ಕಾಗದದ ಮೇಲೆ ಹುಟ್ಟಿ ಕಾಗದದ ಮೇಲೇ ಸತ್ತವು. ನನ್ನ ಮಟ್ಟಿಗೆ ಸ್ವತಂತ್ರ ಭಾರತದ ಸರ್ಕಾರಿ ವಿಜ್ಞಾನದ ಅತ್ಯಂತ ಧೈರ್ಯದ ಅಂಕಿ ಈ 1,411. ಅದರ ಜೊತೆ ಇನ್ನೊಂದು ಹೊಸ ಅಭ್ಯಾಸವೂ ಬಂತು: ಕಡಿಮೆಯೆಂದರೆ 1,165, ಹೆಚ್ಚೆಂದರೆ 1,657 ಎಂದು ಪಕ್ಕದಲ್ಲೇ ಬರೆದರು. ನಮ್ಮ ಸಂತೆಯ ವ್ಯಾಪಾರಿ ಯಾವತ್ತೂ ‘ಹೆಚ್ಚುಕಡಿಮೆ ಇಷ್ಟು’ ಎನ್ನುತ್ತಾನೆ. ಹೆಚ್ಚೆಷ್ಟು, ಕಡಿಮೆಯೆಷ್ಟು ಎಂದು ಹೇಳುವುದೇ ಲೆಕ್ಕದ ಮರ್ಯಾದೆ.

ಈ ಹೊಸ ಲೆಕ್ಕದ ಬೇರು ನಾಗರಹೊಳೆಯಲ್ಲಿದೆ. 1990ರ ದಶಕದ ಆರಂಭದಲ್ಲಿ ಅಲ್ಲಿ ಹುಲಿಹಾದಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಕಟ್ಟಿದವರು ಉಲ್ಲಾಸ್ ಕಾರಂತರು, ಕೋಟ ಶಿವರಾಮ ಕಾರಂತರ ಮಗ. ಎರಡು ಕ್ಯಾಮೆರಾ ಯಾಕೆಂದರೆ ಹುಲಿಯ ಎಡಮೈಯ ಪಟ್ಟೆ ಬಲಮೈಯಲ್ಲಿರುವುದಿಲ್ಲ, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರುವುದಿಲ್ಲ. ಲೆಕ್ಕದ ಉಪಾಯ ಮೀನಿನ ಕೆರೆಯಲ್ಲಿ ಸುಲಭವಾಗಿ ಅರ್ಥವಾಗುತ್ತದೆ. ಬಲೆ ಹಾಕಿ 50 ಮೀನು ಹಿಡಿದು, ರೆಕ್ಕೆಗೆ ಗುರುತು ಮಾಡಿ ಬಿಡಿ. ನಾಲ್ಕು ದಿನ ಬಿಟ್ಟು ಮತ್ತೆ 50 ಹಿಡಿಯಿರಿ. ಅದರಲ್ಲಿ 10ಕ್ಕೆ ಗುರುತಿದ್ದರೆ, ಐದರಲ್ಲೊಂದು ಮೀನು ನೀವು ಮೊದಲು ಹಿಡಿದದ್ದು ಎಂದಾಯಿತು. ಹಾಗಾದರೆ ಕೆರೆಯಲ್ಲಿ ಸುಮಾರು 250. ಹುಲಿಗೆ ಗುರುತು ಮಾಡುವ ಗೋಜಿಲ್ಲ, ಹುಟ್ಟುತ್ತಲೇ ಮಾಡಿಸಿಕೊಂಡು ಬಂದಿದೆ.

ಕಾರಂತರ ಜೊತೆ ಈ ಗಣಿತವನ್ನು ಹುಲಿಗೆ ಹೊಂದಿಸಿದವರು ಜೇಮ್ಸ್ ನಿಕೋಲ್ಸ್ ಎಂಬ ಅಮೆರಿಕದ ಸರ್ಕಾರಿ ವಿಜ್ಞಾನಿ. ಅವರಿದ್ದದ್ದು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ. ಕಲ್ಲಿನ ಇಲಾಖೆಯವರಿಗೂ ಹುಲಿಗೂ ಏನು ನಂಟು ಎನ್ನುತ್ತೀರಾ? 1879ರಲ್ಲಿ ಹುಟ್ಟಿದ ಆ ಇಲಾಖೆ, ನಮ್ಮದಕ್ಕಿಂತ 28 ವರ್ಷ ಕಿರಿಯದು, 1889ರಲ್ಲಿ ರಿಯೋ ಗ್ರಾಂಡೆ ನದಿಗೆ ಮೊದಲ ಮಾಪಕ ಇಟ್ಟಿತು. 1996ರಲ್ಲಿ ಕಾಡುಪ್ರಾಣಿಯ ಸಂಶೋಧನೆಯೂ ಅದರ ತೆಕ್ಕೆಗೇ ಬಂತು. ಕಲ್ಲು, ನೀರು, ಪ್ರಾಣಿ ಮೂರೂ ಅಲ್ಲಿ ಒಂದೇ ಸೂರಿನಡಿ. ನಮ್ಮಲ್ಲಿ ಮೂರಕ್ಕೂ ಬೇರೆ ಬೇರೆ ಸೂರು, ಬೇರೆ ಬೇರೆ ಫೈಲು. ಇವರ ಅಂಕಿ ಅವರಿಗೆ ಬೇಕಾದರೆ ಪತ್ರ ಬರೆಯಬೇಕು. ಸೂರು ಬೇರೆಯಿದ್ದರೂ ಇರಲಿ, ನಡುವೆ ಒಂದು ಬಾಗಿಲಾದರೂ ಬೇಡವೇ?

1,411ರ ಆಮೇಲೆ ನಮ್ಮ ಹುಲಿಯ ಅಂಕಿ ಏರಿತು: 1,706, ಆಮೇಲೆ 2,226, 2018ರಲ್ಲಿ 2,967. ಆ 2018ರ ಸುತ್ತಿನಲ್ಲಿ ಸುಮಾರು 27 ಸಾವಿರ ಜಾಗಗಳಲ್ಲಿ ಕ್ಯಾಮೆರಾ ಕಟ್ಟಿ, ಸುಮಾರು ಮೂರೂವರೆ ಕೋಟಿ ಚಿತ್ರ ತೆಗೆದರು. ಅದರಲ್ಲಿ ಹುಲಿಯವು 76 ಸಾವಿರಕ್ಕೆ ಸ್ವಲ್ಪ ಮೇಲೆ. ಉಳಿದದ್ದೆಲ್ಲ ಜಿಂಕೆ, ಕಾಡೆಮ್ಮೆ, ಮುಳ್ಳುಹಂದಿ, ಗಾಳಿಗೆ ಅಲುಗಿದ ಎಲೆ. 2022ರ ಅಂದಾಜು 3,682. ಕರ್ನಾಟಕದ ಪಾಲು 2006ರಲ್ಲಿ 290 ಇದ್ದದ್ದು 2022ರಲ್ಲಿ 563. ಈ ಏರಿಕೆಯನ್ನು ನಾನು ನಂಬುತ್ತೇನೆ, ಏಕೆಂದರೆ ಒಮ್ಮೆ ಇಳಿದು ತೋರಿಸಿದ ಲೆಕ್ಕ ಇದು. ಎಲ್ಲರೂ ಪೂರ್ತಿ ಒಪ್ಪಿದ್ದಾರೆ ಎಂದಲ್ಲ. ಈ ಸರ್ಕಾರಿ ವಿಧಾನದ ಕೆಲವು ಹೆಜ್ಜೆಗಳನ್ನು ಖುದ್ದು ಉಲ್ಲಾಸ್ ಕಾರಂತರೇ ಕಟುವಾಗಿ ಟೀಕಿಸುತ್ತ ಬಂದಿದ್ದಾರೆ. ಟೀಕೆ ಇರಬೇಕಾದದ್ದೇ. ಲೆಕ್ಕದ ದಾರಿ ಕಾಗದದ ಮೇಲೆ ಇದ್ದರೆ ತಾನೇ ಟೀಕಿಸುವುದು? ಹಳೆಯ ಹೆಜ್ಜೆಗುರುತಿನ ಲೆಕ್ಕಕ್ಕೆ ಅಂಥ ದಾರಿಯೇ ಇರಲಿಲ್ಲ.

ಆನೆಯದೂ ಈಗ ಇಂಥದೇ ಕತೆ. 2017ರ ಗಣತಿ ದೇಶದ ಆನೆಗಳನ್ನು 27 ಸಾವಿರಕ್ಕೂ ಮೇಲೆ ಎಂದಿತ್ತು. 2025ರಲ್ಲಿ ಬಂದ ಹೊಸ ಅಂದಾಜು 22,446. ಅದರಲ್ಲಿ ಕರ್ನಾಟಕದವು 6,013, ದೇಶಕ್ಕೇ ಮೊದಲು. ಆನೆ ಕಡಿಮೆಯಾಯಿತು ಎಂದು ತಲೆಬರಹ ಓದಿ ನಮ್ಮ ಪರಿಚಯದವರೊಬ್ಬರು ಬೇಸರಪಟ್ಟುಕೊಂಡು ಫೋನು ಮಾಡಿದ್ದರು. ಈ ಸಲ ಕಣ್ಣಿಗೆ ಕಂಡ ಆನೆಗಳನ್ನು ಎಣಿಸಲಿಲ್ಲ. ಕಾಡಿನ ಲದ್ದಿ ಆಯ್ದು ತಂದು, ಅದರಲ್ಲಿನ ಡಿಎನ್ಎ ನೋಡಿ ಒಂದೊಂದು ಆನೆಯನ್ನು ಗುರುತು ಹಿಡಿದು ಲೆಕ್ಕ ಹಾಕಿದರು. ಸೇರಿನಲ್ಲಿ ಅಳೆದ ರಾಗಿಯನ್ನೂ ತಕ್ಕಡಿಯಲ್ಲಿ ತೂಗಿದ ರಾಗಿಯನ್ನೂ ಪಕ್ಕದಲ್ಲಿಟ್ಟು ಕಡಿಮೆಯಾಯಿತು ಎನ್ನಲಾಗುವುದಿಲ್ಲ. ಮುಂದಿನ ಸಲವೂ ಇದೇ ತಕ್ಕಡಿಯಲ್ಲಿ ತೂಗಿದರೆ ಆಗ ಗೊತ್ತಾಗುತ್ತದೆ.

ಇದಕ್ಕೆಲ್ಲ ನಡೆಯುವ ಕಾಲುಗಳು ಗಾರ್ಡು, ವಾಚರುಗಳವು. ಅವರಲ್ಲಿ ಅನೇಕರು ಜೇನುಕುರುಬರು, ಸೋಲಿಗರು. ಒಂದೊಂದು ಬೀಟಿನಲ್ಲೂ ಬೆಳಗಿನ ಜಾವ ಎರಡು ಕಿಲೋಮೀಟರು ನೇರ ಗೆರೆಯಲ್ಲಿ ನಡೆದು, ಎಡಬಲದಲ್ಲಿ ಕಂಡ ಜಿಂಕೆ, ಕಡವೆ ಎಷ್ಟು ದೂರದಲ್ಲಿದ್ದವು ಎಂದು ಬರೆಯಬೇಕು. ನೆಲದ ಮೇಲೆ ಬಿದ್ದ ಹಿಕ್ಕೆ ಎಣಿಸಬೇಕು. ಒಂದೂ ಕಾಣದಿದ್ದರೆ ಸೊನ್ನೆ ಬರೆಯಬೇಕು. ಆ ಸೊನ್ನೆಯೂ ನಮ್ಮೂರ ಬಾವಿಯ ‘ಒಣಗಿದೆ’ಯೂ ಒಂದೇ ಜಾತಿಯವು.

ಕೊನೆಗೆ ಕೇಳುಗರಲ್ಲಿ ಒಂದು ವಿನಂತಿ. ನಿಮ್ಮೂರ ಕುಡಿಯುವ ನೀರಿನ ಬೋರ್‌ವೆಲ್ಲನ್ನು ಯಾರೋ ಒಮ್ಮೆ ಪರೀಕ್ಷಿಸಿಯೇ ಇರುತ್ತಾರೆ. ಜಲ ಜೀವನ ಮಿಷನ್ ಅಡಿಯಲ್ಲಿ ಊರಿಗೆ ಐದು ಮಂದಿ ಹೆಣ್ಣುಮಕ್ಕಳಿಗೆ ಪರೀಕ್ಷೆಯ ಕಿಟ್ಟು ಬಳಸುವುದನ್ನು ಕಲಿಸುವ ಏರ್ಪಾಡಿದೆ, ಪ್ರಯೋಗಾಲಯಗಳಿಗೆ ನೀವೇ ಬಾಟಲಿ ಒಯ್ದು ಕೊಡಬಹುದು. ಗ್ರಾಮ ಪಂಚಾಯ್ತಿಗೆ ಹೋಗಿ ವರದಿ ಕೇಳಿ. ಫ್ಲೋರೈಡಿನ ಸಾಲು ಹುಡುಕಿ, 1.5ಕ್ಕಿಂತ ಮೇಲಿದೆಯೇ ನೋಡಿ. ಅದಕ್ಕೂ ಮುಂಚೆ ಹಾಳೆಯ ಮೇಲೆ ತಾರೀಖು ಇದೆಯೇ, ಯಾವ ಬೋರ್‌ವೆಲ್ ಎಂದು ಬರೆದಿದೆಯೇ ನೋಡಿ. ಅವೆರಡೂ ಇಲ್ಲದಿದ್ದರೆ, ಮತ್ತೆ ಅಳೆಯಿರಿ ಎಂದು ಕೇಳಿ.